ಮುತ್ತಮ್ಮನವರ ಮೊಕದ್ದಮೆ

ಕೊಡಗು ಇನ್ನೂ ಬ್ರಿಟಿಷ್ ಚೀಫ್ ಕಮಿಷನರ್ ಆಳ್ವಿಕೆಯಲ್ಲಿದ್ದ ಕಾಲ. 1924ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿದ ಚೋನಿರ ಬೆಳ್ಳಿಯಪ್ಪ ಮುತ್ತಮ್ಮ, ಅರಣ್ಯಾಧಿಕಾರಿಯಾಗಿದ್ದ ತಂದೆಯನ್ನು ಒಂಬತ್ತರ ವಯಸ್ಸಿಗೇ ಕಳೆದುಕೊಂಡರು. ನಾಲ್ವರು ಮಕ್ಕಳನ್ನು ಓದಿಸಿ ದಡ ಸೇರಿಸುವ ಹೊಣೆ ತಾಯಿಯದಾಯಿತು. ಮಡಿಕೇರಿಯಲ್ಲಿ ಶಾಲೆ, ಮದರಾಸಿನಲ್ಲಿ ಕಾಲೇಜು ಮುಗಿಸಿದ ಆ ಮಗಳು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದಳು. ಪರೀಕ್ಷೆ ಗೆದ್ದು ಆ ಸೇವೆಯ ಹೊಸ್ತಿಲು ದಾಟಿದ ಮೊದಲ ಮಹಿಳೆ ಆಕೆ.

ಸಂದರ್ಶನ ಮಂಡಳಿ ಈ ಸೇವೆ ಹೆಣ್ಣಿಗೆ ಹೊಂದುವುದಿಲ್ಲವೆಂದು ಹಿಂದೆಗೆಸಲು ನೋಡಿತ್ತು. ಮುತ್ತಮ್ಮ ಜಗ್ಗಲಿಲ್ಲ. ಆಗ ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಮುಚ್ಚಳಿಕೆ ಬರೆಸಿಕೊಂಡರು. ವಿಜಯಲಕ್ಷ್ಮಿ ಪಂಡಿತರು 1947ರಲ್ಲೇ ಮಾಸ್ಕೋಗೆ ರಾಯಭಾರಿಯಾಗಿ ಹೋಗಿದ್ದರು, ನಿಜ. ಆದರೆ ಅದು ರಾಜಕಾರಣದ ಹಾದಿ. ಕೆಳಗಿನ ಮೆಟ್ಟಿಲಿನಿಂದ ಒಂದೊಂದಾಗಿ ಏರಬೇಕಾದ ಅಧಿಕಾರಿಣಿಗೆ ಆ ಹಾದಿ ತೆರೆದಿರಲಿಲ್ಲ.

ಲಿಂಗಭೇದ ಸಲ್ಲದೆಂದು ಸಂವಿಧಾನ 1950ರಲ್ಲೇ ಸಾರಿತು. ಹನ್ನೊಂದು ವರ್ಷ ಕಳೆದ ಮೇಲೆ, 1961ರಲ್ಲಿ, ಅದೇ ಸಂವಿಧಾನದಡಿ ನಡೆಯುತ್ತಿದ್ದ ಸರ್ಕಾರ ವಿದೇಶಾಂಗ ಸೇವೆಗೆ ನಿಯಮ ಬರೆಯಿತು: ಅಧಿಕಾರಿಣಿ ಮದುವೆಗೆ ಮುನ್ನ ಲಿಖಿತ ಅನುಮತಿ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೇಳಬಹುದು, ವಿವಾಹಿತೆಗೆ ನೇಮಕದ ಹಕ್ಕೇ ಇಲ್ಲ. ಗಂಡಸಿಗೆ ಇವುಗಳಲ್ಲಿ ಒಂದೂ ಅನ್ವಯಿಸಲಿಲ್ಲ. ಹಳೆಯ ದೊರೆಗಳು ಬಿಟ್ಟುಹೋದ ಕಟ್ಟಳೆಯೆಂದು ಇದನ್ನು ಕ್ಷಮಿಸಲಾಗದು. ಇದು ನಮ್ಮವರೇ ಬರೆದದ್ದು.

ಪ್ಯಾರಿಸ್, ರಂಗೂನ್, ಲಂಡನ್‌ಗಳಲ್ಲಿ ದುಡಿದ ಮುತ್ತಮ್ಮ 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಮುಂದೆ ಮೊದಲ ದರ್ಜೆಗೆ ಬಡ್ತಿಯ ಸರದಿ ಬಂದಾಗ ಅರ್ಹತೆ ಸಾಲದೆಂದು ಅವರನ್ನು ಕೈಬಿಡಲಾಯಿತು. ಕಿರಿಯರು ಮುಂದೆ ಸಾಗಿದರು. ಸರ್ಕಾರಿ ನೌಕರಿಯಲ್ಲಿ ದರ್ಜೆಯೊಡನೆ ಸಂಬಳ, ಪಿಂಚಣಿ, ಮುಂದಿನ ಹುದ್ದೆ ಎಲ್ಲವೂ ಬೆಸೆದುಕೊಂಡಿರುತ್ತವೆ. ಒಮ್ಮೆ ತಪ್ಪಿದ ಬಡ್ತಿಯ ನಷ್ಟ ಕೊನೆಯವರೆಗೂ ಬೆನ್ನು ಬಿಡದು. ಮೂರು ದಶಕದ ಸೇವೆಯ ಬಳಿಕ ಆಕೆ ತಮ್ಮದೇ ಸರ್ಕಾರದ ವಿರುದ್ಧ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಮೊಕದ್ದಮೆ ನಡೆಯುತ್ತಿದ್ದಾಗಲೇ ಸರ್ಕಾರಕ್ಕೆ ಅವರ ಅರ್ಹತೆ ಕಂಡಿತು, ಬಡ್ತಿ ಬಂತು. ಮದುವೆಯ ಅನುಮತಿ ಕೇಳುವ ನಿಯಮವನ್ನು ರದ್ದುಪಡಿಸಲಾಗಿದೆ, ವಿವಾಹಿತೆಗೆ ನೇಮಕದ ಹಕ್ಕಿಲ್ಲವೆಂಬುದನ್ನೂ ತೆಗೆಯಲಾಗುತ್ತಿದೆ ಎಂದು ಸರ್ಕಾರ ಅರಿಕೆ ಮಾಡಿಕೊಂಡಿತು. ಹೀಗಾಗಿ 1979ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಪೀಠ ಅರ್ಜಿಯನ್ನು ವಜಾ ಮಾಡಿತು. ಆದರೆ ಸಮಸ್ಯೆಯನ್ನು ವಜಾ ಮಾಡಲಿಲ್ಲ. ಸಂಸಾರ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಸಿನ ಕೆಲಸಕ್ಕೂ ಆಗಬಹುದಲ್ಲವೆ ಎಂದು ಕೇಳಿತು. ಸೇವಾ ನಿಯಮಗಳಿಂದ ಲಿಂಗಭೇದದ ಕಳಂಕ ತೊಳೆಯಲು ಹೇಳಿತು. ಬಡ್ತಿ ನಿರಾಕರಿಸಿದ ಮತ್ತು ಬಡ್ತಿ ಕೊಟ್ಟ ಎರಡು ಮೌಲ್ಯಮಾಪನಗಳ ನಡುವಿನ ತಿಂಗಳುಗಳಲ್ಲಿ ಮುತ್ತಮ್ಮ ಕಳೆದುಕೊಂಡ ಹಿರಿತನವನ್ನು ಮರುಪರಿಶೀಲಿಸುವಂತೆಯೂ ಸರ್ಕಾರಕ್ಕೆ ಸೂಚಿಸಿತು.

1982ರಲ್ಲಿ ಅವರು ನಿವೃತ್ತರಾದರು. ವಿದೇಶಾಂಗ ಕಾರ್ಯದರ್ಶಿಯ ಸ್ಥಾನಕ್ಕೆ ಮೊದಲ ಬಾರಿ ಮಹಿಳೆಯೊಬ್ಬರು, ಚೋಕಿಲಾ ಅಯ್ಯರ್, ಏರಿದ್ದು 2001ರಲ್ಲಿ. ಮುತ್ತಮ್ಮ ಸೇವೆ ಸೇರಿ ಆಗ 52 ವರ್ಷಗಳಾಗಿದ್ದವು.