ಹಳೆಯ ಹ್ಯಾಮ್ ಸೆಟ್ಟುಗಳ ದುರಸ್ತಿ: ಮಾರ್ಪಾಡಿನಿಂದ ಮೂಲರೂಪದವರೆಗೆ

ಹವ್ಯಾಸಿ ರೇಡಿಯೋ, ಬಳಕೆಯ ಮಾತಿನಲ್ಲಿ ಹ್ಯಾಮ್, ಹುಟ್ಟಿದ್ದೇ ತಾವೇ ಕಟ್ಟಿಕೊಳ್ಳುವವರ ಕೈಯಲ್ಲಿ. ಹೈರಮ್ ಪರ್ಸಿ ಮ್ಯಾಕ್ಸಿಮ್ ಮತ್ತು ಕ್ಲಾರೆನ್ಸ್ ಟಸ್ಕಾ 1914ರಲ್ಲಿ ಅಮೆರಿಕನ್ ರೇಡಿಯೋ ರಿಲೇ ಲೀಗ್ ಸ್ಥಾಪಿಸಿದ ಕಾಲಕ್ಕೆ ಸದಸ್ಯರಲ್ಲಿ ಹೆಚ್ಚಿನವರು ಮನೆಯಲ್ಲೇ ತಂತಿ ಸುತ್ತಿ ಟ್ರಾನ್ಸ್‌ಮಿಟರ್ ಮಾಡಿಕೊಳ್ಳುತ್ತಿದ್ದರು. ಕಟ್ಟಿದವನೇ ಕೆಟ್ಟಾಗ ಬಿಚ್ಚುತ್ತಿದ್ದ. ದುರಸ್ತಿ ಎಂಬುದು ಬೇರೆ ಕೆಲಸವಾಗಿರಲಿಲ್ಲ.

1930ರ ದಶಕದಲ್ಲಿ ಕಾರ್ಖಾನೆಯ ರಿಸೀವರುಗಳು ಬಂದವು. ಷಿಕಾಗೋದ ಹ್ಯಾಲಿಕ್ರಾಫ್ಟರ್ಸ್, ಅಯೋವಾದ ಕಾಲಿನ್ಸ್, ಮ್ಯಾಸಚೂಸೆಟ್ಸಿನ ನ್ಯಾಷನಲ್ ಕಂಪನಿಗಳು ಹೆಸರು ಮಾಡಿದ್ದು ಆಗ. ನ್ಯಾಷನಲ್‌ನ ಎಚ್‌ಆರ್‌ಒ ರಿಸೀವರಿನಲ್ಲಿ ಬ್ಯಾಂಡ್ ಬದಲಿಸಲು ಸ್ವಿಚ್ಚೇ ಇಲ್ಲ. ಮುಂಭಾಗದಿಂದ ಕಾಯಿಲ್ ಪೆಟ್ಟಿಗೆಯನ್ನು ಎಳೆದು ತೆಗೆದು ಇನ್ನೊಂದನ್ನು ತೂರಿಸಬೇಕು. ಡಯಲಿನ ಮೇಲಿರುವುದು 0ಯಿಂದ 500ರವರೆಗಿನ ಅಂಕಿ ಮಾತ್ರ. ಅದು ಎಷ್ಟು ಕಿಲೋಹರ್ಟ್ಸ್ ಎಂಬುದನ್ನು ಪೆಟ್ಟಿಗೆಯ ಮೇಲಿನ ನಕ್ಷೆ ನೋಡಿ ತಿಳಿಯಬೇಕು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಗೂಢ ಸಂದೇಶ ಆಲಿಸುವ ಕೇಂದ್ರಗಳು ಈ ಸೆಟ್ಟನ್ನೇ ನೆಚ್ಚಿಕೊಂಡಿದ್ದವು. ಆದ್ದರಿಂದ ಇಂದಿಗೂ ಸಾಕಷ್ಟು ಎಚ್‌ಆರ್‌ಒಗಳು ಉಳಿದಿವೆ. ಆದರೆ ಕಾಯಿಲ್ ಪೆಟ್ಟಿಗೆಗಳೆಲ್ಲ ಸೇರಿ ಪೂರ್ತಿಯಾಗಿ ಸಿಗುವುದು ಕಷ್ಟ.

ಯುದ್ಧ ಮುಗಿದ ಮೇಲೆ ಸೇನೆಯ ಹೆಚ್ಚುವರಿ ಮಾಲು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂತು. ಬಾಂಬರ್ ವಿಮಾನಗಳ ಬಿಸಿ-348 ರಿಸೀವರ್, ಪುಟ್ಟ ಕಮಾಂಡ್ ಸೆಟ್ಟುಗಳು, ಬ್ರಿಟಿಷ್ ಟ್ಯಾಂಕುಗಳ 19ನೇ ನಂಬರ್ ಸೆಟ್ಟು ಎಲ್ಲವೂ ಅಗ್ಗ. ತೊಡಕು ಒಂದೇ: ಬಿಸಿ-348 ವಿಮಾನದ 28 ವೋಲ್ಟಿನಲ್ಲಿ, ಡೈನಮೋಟರ್ ಎಂಬ ಸುತ್ತುವ ಯಂತ್ರದ ನೆರವಿನಿಂದ ನಡೆಯುವಂಥದ್ದು. ಕೊಂಡವರು ಡೈನಮೋಟರ್ ಕಿತ್ತೆಸೆದು ಆ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್ ಕೂರಿಸಿದರು, ಮುಂಫಲಕಕ್ಕೆ ತೂತು ಕೊರೆದು ಮೀಟರ್ ಜೋಡಿಸಿದರು, ಮೇಲೆ ಇಷ್ಟದ ಬಣ್ಣ ಬಳಿದರು. ಹೀಗೆ ಮಾರ್ಪಡಿಸುವ ವಿಧಾನ ಹೇಳಿಕೊಡುವ ಕೈಪಿಡಿಗಳೂ ಬಂದವು. ಇಂದಿನ ಸಂಗ್ರಾಹಕರು ಆ ತೂತುಗಳನ್ನು ಕಂಡು ಹಲ್ಲು ಕಡಿಯುವುದುಂಟು. ಆದರೆ ಆಗ ಅವು ಪುರಾತನ ವಸ್ತುಗಳಲ್ಲ, ಕಡಿಮೆ ಬೆಲೆಯ ಬಿಡಿಭಾಗಗಳ ಡಬ್ಬಿಗಳು. ಆ ಮಾರ್ಪಾಡು ನಡೆಯದಿದ್ದರೆ ಅನೇಕ ಸೆಟ್ಟುಗಳು ಗುಜರಿಗೇ ಹೋಗುತ್ತಿದ್ದವು.

ಮಿಷಿಗನ್ನಿನ ಹೀತ್ ಕಂಪನಿ 1947ರಲ್ಲಿ ಇಂಥದೇ ಮಿಗುಮಾಲಿನಿಂದ ಆಸಿಲೋಸ್ಕೋಪ್ ಕಿಟ್ ಮಾಡಿ ಮಾರಿತು. ಆಮೇಲೆ ಹೀತ್‌ಕಿಟ್ ಟ್ರಾನ್ಸ್‌ಮಿಟರುಗಳೂ ಬಂದವು. ಅಷ್ಟರಲ್ಲಿ ಧ್ವನಿ ಪ್ರಸಾರದ ರೀತಿ ಬದಲಾಗಿತ್ತು. 1950–60ರ ದಶಕಗಳಲ್ಲಿ ಎಎಂ ಹಿಂದೆ ಸರಿದು ಸಿಂಗಲ್ ಸೈಡ್‌ಬ್ಯಾಂಡ್ ಮುಂದೆ ಬಂತು. ಕಾಲಿನ್ಸ್ 1959ರಲ್ಲಿ ತಂದ ಕೆಡಬ್ಲ್ಯೂಎಂ-2 ಟ್ರಾನ್ಸೀವರ್ ಮೇಜಿನ ಮೂಲೆಯಲ್ಲಿ ಕೂರುತ್ತಿತ್ತು. ಆಳೆತ್ತರದ ಎಎಂ ಟ್ರಾನ್ಸ್‌ಮಿಟರುಗಳು ನೆಲಮಾಳಿಗೆ ಸೇರಿದವು.

ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕೆಂಬ ವಿಚಾರ ಬೆಳೆದದ್ದು ನಿಧಾನವಾಗಿ. ನ್ಯೂಯಾರ್ಕ್ ರಾಜ್ಯದಲ್ಲಿ 1952ರಲ್ಲೇ ಆಂಟೀಕ್ ವೈರ್‌ಲೆಸ್ ಅಸೋಸಿಯೇಷನ್ ಹುಟ್ಟಿತ್ತು. ವಾಲ್ವ್ ಸೆಟ್ಟುಗಳಿಗೇ ಮೀಸಲಾದ ‘ಎಲೆಕ್ಟ್ರಿಕ್ ರೇಡಿಯೋ’ ಮಾಸಿಕ ಹೊರಟದ್ದು 1989ರಲ್ಲಿ. ಈ ಹೊತ್ತಿಗೆ ದುರಸ್ತಿಯ ದಿಕ್ಕೇ ತಿರುಗಿತ್ತು: ಹಿಂದಿನವರು ಮಾಡಿದ ಮಾರ್ಪಾಡನ್ನು ಬಿಚ್ಚುವುದು, ತೂತು ಮುಚ್ಚುವುದು, ಕಿತ್ತ ಡೈನಮೋಟರನ್ನು ಹುಡುಕಿ ತಂದು ಮತ್ತೆ ಕೂರಿಸುವುದು.

ಕೆಟ್ಟ ಸೆಟ್ಟು ಎಂದೊಡನೆ ವಾಲ್ವಿನ ಮೇಲೆ ಅನುಮಾನ ಹೋಗುತ್ತದೆ. ಬಹಳ ಸಲ ಅಪರಾಧಿ ಕಂಡೆನ್ಸರ್. ಕಾಗದ ಮತ್ತು ಲೋಹದ ಹಾಳೆಯನ್ನು ಸುತ್ತಿ ಮೇಣ ಹಚ್ಚಿದ ಆ ಕಾಲದ ಕಂಡೆನ್ಸರುಗಳು ವರ್ಷಗಳುದ್ದಕ್ಕೂ ತೇವ ಹೀರಿ ಸೋರತೊಡಗುತ್ತವೆ. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಹೋಗುವ ಕಂಡೆನ್ಸರ್ ಸೋರಿದರೆ ಗ್ರಿಡ್ ಮೇಲೆ ಧನ ವೋಲ್ಟೇಜ್ ಬಿದ್ದು, ವಾಲ್ವ್ ಮಿತಿಮೀರಿ ಕರೆಂಟ್ ಎಳೆಯುತ್ತದೆ. ಕೊನೆಗೆ ಸುಡುವುದು ಎಲ್ಲೂ ಸಿಗದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಆದ್ದರಿಂದ ಅಟ್ಟದಿಂದ ಇಳಿಸಿದ ಸೆಟ್ಟನ್ನು ಅನುಭವಸ್ಥರು ನೇರವಾಗಿ ಪ್ಲಗ್ಗಿಗೆ ಹಾಕುವುದಿಲ್ಲ. ಸಾಲಿನಲ್ಲಿ ಹಳೆಯ ಬಗೆಯ ಒಂದು ತಂತು ಬಲ್ಬ್ ಸೇರಿಸುತ್ತಾರೆ. ಬಲ್ಬ್ ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ ಎಂದರ್ಥ.

ಹೊಸ ಕಂಡೆನ್ಸರ್ ಹಾಕಿದರೆ ಸೆಟ್ಟು ಮಾತಾಡುತ್ತದೆ, ಆದರೆ ಚಾಸಿಯ ಕೆಳಗೆ ಹಳದಿ ಪ್ಲಾಸ್ಟಿಕ್ ಇಣುಕುತ್ತದೆ. ಅದನ್ನು ಸಹಿಸದವರು ಹಳೆಯ ಕಂಡೆನ್ಸರಿನ ಕೊಳವೆಯನ್ನು ಬಿಸಿಮಾಡಿ ಒಳಗಿನ ಸುರುಳಿಯನ್ನು ಎಳೆದು ತೆಗೆದು, ಸಣ್ಣ ಹೊಸ ಕಂಡೆನ್ಸರನ್ನು ಒಳಗಿಟ್ಟು, ಕರಗಿಸಿದ ಮೇಣದಿಂದ ಎರಡೂ ತುದಿ ಮುಚ್ಚುತ್ತಾರೆ. ಆಮೇಲೆ ಹೊರಗಿನ ಲೇಬಲ್ಲು ನೋಡಿ ಯಾರಿಗೂ ಗೊತ್ತಾಗದು. ಇದು ಅತಿಯಾಯಿತು ಎನ್ನುವವರಿಗೂ ಆ ಕೈಚಳಕ ಮೆಚ್ಚಿಗೆಯೇ.

ಕೆಲವು ಅಗ್ಗದ ಸೆಟ್ಟುಗಳು ಅಪಾಯಕಾರಿ. ಹ್ಯಾಲಿಕ್ರಾಫ್ಟರ್ಸ್‌ನ 1946ರ ಎಸ್-38ರಲ್ಲಿ ಪವರ್ ಟ್ರಾನ್ಸ್‌ಫಾರ್ಮರ್ ಇಲ್ಲ. ಇನ್ಸುಲೇಷನ್ ಸವೆದರೆ ಕಬ್ಬಿಣದ ಪೆಟ್ಟಿಗೆಯೇ ಶಾಕ್ ಹೊಡೆಯಬಹುದು. ಟ್ರಾನ್ಸ್‌ಮಿಟರುಗಳಲ್ಲಂತೂ ನೂರಾರು ವೋಲ್ಟು ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಉಳಿದಿರುತ್ತದೆ.

ಭಾರತದಲ್ಲಿ 1939ರಲ್ಲಿ ಯುದ್ಧ ಶುರುವಾದೊಡನೆ ಹ್ಯಾಮ್‌ಗಳು ಟ್ರಾನ್ಸ್‌ಮಿಟರುಗಳನ್ನು ಒಪ್ಪಿಸಬೇಕಾಯಿತು. 1942ರ ಮುಂಬಯಿಯ ಗುಪ್ತ ಕಾಂಗ್ರೆಸ್ ರೇಡಿಯೋಗೆ ಟ್ರಾನ್ಸ್‌ಮಿಟರ್ ಕಟ್ಟಿಕೊಟ್ಟದ್ದು ನರಿಮನ್ ಪ್ರಿಂಟರ್ ಎಂಬ ಹಳೆಯ ಹ್ಯಾಮ್. ಸ್ವಾತಂತ್ರ್ಯಾನಂತರ ವಿದೇಶಿ ಸೆಟ್ಟುಗಳು ದುಬಾರಿ. 1984ರಲ್ಲಿ ಆಮದು ಸುಂಕ ಮನ್ನಾ ಆಗುವವರೆಗೂ ಯುದ್ಧದ ಮಿಗುಮಾಲು ಮತ್ತು ಮನೆಯಲ್ಲೇ ಕಟ್ಟಿದ ಸೆಟ್ಟುಗಳೇ ಆಧಾರ. ಬೆಂಗಳೂರಿನ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭಿಸಿತ್ತು. ಅವು ಇಂದಿಗೂ ಹಳೆಯ ದಾಸ್ತಾನುಗಳಲ್ಲಿ ಕಾಣಸಿಗುತ್ತವೆ. ಅಮೆರಿಕದ ಸೆಟ್ಟನ್ನು ಇಲ್ಲಿ ನಡೆಸಲು 230 ವೋಲ್ಟನ್ನು ಅರ್ಧಕ್ಕಿಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಅಷ್ಟಾದರೂ, 60 ಹರ್ಟ್ಸಿಗೆಂದು ಸುತ್ತಿದ ಅದರ ಸ್ವಂತ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸಿನಲ್ಲಿ ತುಸು ಹೆಚ್ಚೇ ಕಾಯುತ್ತದೆ. ಅದಕ್ಕಾಗಿ ಇಲ್ಲಿ ವೋಲ್ಟೇಜನ್ನು ಇನ್ನೂ ಸ್ವಲ್ಪ ಇಳಿಸಿಯೇ ಕೊಡುವುದು ಕ್ಷೇಮ.