ಹಡಗಿನ ಮರದೊಳಗೊಂದು ಜವಳಿ ಅಂಗಡಿ

ಊರಿಂದ ಯಾರೇ ಲಂಡನ್ನಿಗೆ ಬರಲಿ, ಒಂದು ಮಧ್ಯಾಹ್ನ ಅವರನ್ನ ಲಿಬರ್ಟಿ ಅಂಗಡಿಗೆ ಕರ್ಕೊಂಡು ಹೋಗ್ತೀನಿ. ಕೊಳ್ಳೋಕಲ್ಲ, ಬೆಲೆ ನೋಡಿದ್ರೆ ಕೈ ತಾನಾಗೇ ಹಿಂದೆ ಬರುತ್ತೆ. ನೋಡೋಕೆ.

ಒಳಗೆ ಹೋದ ಕೂಡಲೇ ಕಣ್ಣಿಗೆ ಬೀಳೋದು ಬಟ್ಟೆಯಲ್ಲ, ಮರ. ಕಪ್ಪಗೆ ಮಾಗಿದ ಮರ. 1924ರಲ್ಲಿ ಈ ಕಟ್ಟಡ ಕಟ್ಟುವಾಗ ಬ್ರಿಟಿಷ್ ನೌಕಾಪಡೆಯ ಎರಡು ಹಳೇ ಹಡಗುಗಳನ್ನು ಒಡೆದು ಮರ ತಂದರು. ಒಂದರ ಹೆಸರು ಇಂಪ್ರೆಗ್ನಬಲ್, ಇನ್ನೊಂದರದು ಹಿಂದೂಸ್ತಾನ್! ವಾಸ್ತುಶಿಲ್ಪಿಗಳಾದ ಹಾಲ್ ತಂದೆ-ಮಗ ಮೂರು ತೊಟ್ಟಿಗಳನ್ನಿಟ್ಟು, ಮೇಲಿಂದ ಬೆಳಕು ಬಿಟ್ಟು, ಸುತ್ತ ಚಿಕ್ಕ ಚಿಕ್ಕ ಕೋಣೆಗಳನ್ನು ಮಾಡಿದರು. ಹಲವು ಕೋಣೆಗಳಲ್ಲಿ ಬೆಂಕಿಗೂಡೂ ಇತ್ತು. ಗಿರಾಕಿಗೆ ಯಾರದೋ ಮನೆಗೆ ಬಂದ ಹಾಗೆ ಅನ್ನಿಸಬೇಕು, ಅದೇ ಉದ್ದೇಶ. ಆ ಒರಟು ಮರದ ಪಕ್ಕ ಹೂವಿನ ಅಚ್ಚಿನ ಬಟ್ಟೆ ಇನ್ನೂ ನಯವಾಗಿ, ಬಣ್ಣ ಇನ್ನೂ ಗಾಢವಾಗಿ ಕಾಣುತ್ತೆ.

ನಮ್ಮ ಜವಳಿ ಅಂಗಡಿಗಳಿಗೂ ಈ ಗುಟ್ಟು ಗೊತ್ತಿತ್ತು. ಗಾದಿ ಮೇಲೆ ಬಿಳೀ ಹಾಸು ಹಾಸಿ, ಅದರ ಮೇಲೆ ಸೀರೆ ಬಿಚ್ಚೋರು. ಹಿನ್ನೆಲೆ ಸುಮ್ಮನಿದ್ದರೆ ಸೀರೆ ಮಾತಾಡುತ್ತೆ.

ಅಂಗಡಿ ಶುರುವಾಗಿದ್ದು 1875ರಲ್ಲಿ, ರೀಜೆಂಟ್ ಸ್ಟ್ರೀಟಿನ ಒಂದು ಮಳಿಗೆಯಲ್ಲಿ. ಆರ್ಥರ್ ಲೇಸನ್‌ಬಿ ಲಿಬರ್ಟಿ ಭಾವೀ ಮಾವನ ಹತ್ತಿರ 2,000 ಪೌಂಡ್ ಸಾಲ ಪಡೆದು ತೆರೆದರು. ಅದಕ್ಕೂ ಮೊದಲು ಅವರು ಕಾಶ್ಮೀರಿ ಶಾಲು ಮಾರುವ ಇನ್ನೊಂದು ಅಂಗಡಿಯ ನೌಕರ. ಆಗ ಇಂಗ್ಲೆಂಡಿನಲ್ಲಿ ಹೊಸ ರಾಸಾಯನಿಕ ಬಣ್ಣಗಳ ಭರಾಟೆ, ಕಣ್ಣು ಕುಕ್ಕುವಂಥವು. ಲಿಬರ್ಟಿ ಭಾರತದಿಂದ ಬಣ್ಣ ಹಾಕದ ರೇಷ್ಮೆ ತರಿಸಿ, ಲೀಕ್ ಊರಿನ ಥಾಮಸ್ ವಾರ್ಡಲ್ ಕೈಯಲ್ಲಿ ಮೆತ್ತನೆಯ ಬಣ್ಣ ಕೊಡಿಸಿದರು. ಆ ಬಣ್ಣಗಳಿಗೆ ಲಿಬರ್ಟಿ ಬಣ್ಣ ಅಂತಲೇ ಹೆಸರಾಯ್ತು. ಒಂದು ಬಗೆಯ ರೇಷ್ಮೆಯನ್ನು ಮೈಸೂರು ಅನ್ನುವ ಹೆಸರಲ್ಲೇ ಮಾರಿದರು.

ಬಟ್ಟೆ ಮೆಚ್ಚಿದ ಜನಕ್ಕೆ ನೇಯುವವರನ್ನೂ ತೋರಿಸೋಣ ಅಂತ 1885ರಲ್ಲಿ ಲಿಬರ್ಟಿ ಕಂಪನಿ ಭಾರತದಿಂದ ಸುಮಾರು ನಲವತ್ತು ಜನರನ್ನು ಕರೆಸಿತು. ಬ್ಯಾಟರ್‌ಸೀ ಪಾರ್ಕಿನ ಪಕ್ಕ ‘ಭಾರತದ ಹಳ್ಳಿ’ ಕಟ್ಟಿ ಕೂರಿಸಿತು. ಚಳಿಗಾಲ ಬೇರೆ. ಬಂದವರು ಚಳಿಯಲ್ಲಿ ನರಳಿದರು, ಪ್ರದರ್ಶನ ನೆಲಕಚ್ಚಿತು. ರೇಷ್ಮೆಗೆ ಒಪ್ಪುವ ಬಣ್ಣ, ಬೆಳಕು ಎಲ್ಲಾ ಅಷ್ಟು ನಾಜೂಕಾಗಿ ಯೋಚಿಸಿದವರಿಗೆ, ನೇಯೋರ ಮೈಗೆ ಬೆಚ್ಚಗಿರಬೇಕು ಅನ್ನೋದು ಹೊಳೆಯಲಿಲ್ಲವಲ್ಲ!

ಹೋದ ಸಲ ಬಂದ ನಮ್ಮ ಅತ್ತೆ ಒಂದು ಸ್ಕಾರ್ಫ್ ಹಿಡಿದು, "ಇದು ನಮ್ಮ ಮಾವಿನಕಾಯಿ ಬುಟ್ಟಾ ಅಲ್ವೇನೋ?" ಅಂದರು. ಹೌದತ್ತೆ. ಇಲ್ಲಿಯವರು ಅದಕ್ಕೆ ಪೇಯ್ಸ್ಲಿ ಅಂತಾರೆ. ಕಾಶ್ಮೀರಿ ಶಾಲಿನ ನಕಲು ನೇಯ್ದ ಸ್ಕಾಟ್ಲೆಂಡಿನ ಊರಿನ ಹೆಸರದು.

ಅತ್ತೆ ಸ್ಕಾರ್ಫ್ ಮಡಿಚಿಟ್ಟರು. "ಅಂಗಡಿ ಚೆನ್ನಾಗಿದೆ ಕಣೋ," ಅಂದರು. "ಆ ನಲವತ್ತು ಜನರ ಹೆಸರು ಎಲ್ಲಾದ್ರೂ ಬರೆದಿದ್ದಾರಾ?"

ನಾನು ಗೋಡೆಗಳನ್ನ ಇನ್ನೊಂದು ಸಲ ನೋಡಿದೆ. ನನ್ನ ಕಣ್ಣಿಗೆ ಮರವೇ ಕಂಡಿತು.