ಹೊಳೆಯ ಬುಡಕ್ಕೆ ಇಳಿದ ಕಂಬ

ಯಲ್ಲಾಪುರದ ಕಡೆಯವರಾದ್ರೆ ಚಂದಗುಳಿ ಘಂಟೆ ಗಣಪತಿ ಗೊತ್ತಿರ್ತದೆ. ಹರಕೆ ತೀರಿದವರು ಕಟ್ಟಿದ ಗಂಟೆಗಳು, ಎಲ್ಲಿ ನೋಡಿದ್ರೂ ಗಂಟೆ. ಅದೇ ಸೀಮೆಯ ಗುಳ್ಳಾಪುರದಲ್ಲಿ, ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಹತ್ರ, ಗಂಗಾವಳಿಗೆ ಒಂದು ಸೇತುವೆ ಇತ್ತು. 2021ರ ಜುಲೈ ಪ್ರವಾಹ ಅದನ್ನ ಕೊಚ್ಚಿಕೊಂಡು ಹೋಯ್ತು. ಆಚೆ ದಡದ ಊರುಗಳಿಗೆ ಕಣ್ಣೆದುರಿನ ಹೆದ್ದಾರಿಯೇ ದೂರ ಆಯ್ತು.

ಸೇತುವೆ ಅಂದ್ರೆ ನಾವು ಮೇಲಿನ ರಸ್ತೆ ನೋಡ್ತೀವಿ. ಹೊಳೆ ನೋಡೋದು ಬುಡ. ಗೋಕರ್ಣದ ಕಡಲಲ್ಲಿ ನಿಂತಾಗ ಅಲೆ ಕಾಲಡಿಯ ಮರಳು ಎಳೀತದಲ್ಲ? ಪ್ರವಾಹ ಕಂಬದ ಸುತ್ತ ಸುಳಿ ಹಾಕಿ ಮಾಡೋದೂ ಅದನ್ನೇ. ಅಡಿಪಾಯ ಆ ಸುಳಿ ಮುಟ್ಟದಷ್ಟು ಆಳಕ್ಕೆ ಹೋಗಬೇಕು.

ನಮ್ಮ ದೇಶದ ಹಳೇ ಉತ್ತರ ಬಾವಿ. ಒಂದು ಬಳೆ ಕಟ್ಟಿ, ಒಳಗಿನ ಮಣ್ಣು ತೆಗೀತಾ ಹೋದ್ರೆ ಅದು ತನ್ನ ಭಾರಕ್ಕೇ ಇಳೀತದೆ. ಮೇಲೆ ಮತ್ತೆ ಕಟ್ಟೋದು, ಮತ್ತೆ ಇಳಿಸೋದು. ಯಮುನೆ ದಡದ ತಾಜಮಹಲ್ ನಿಂತಿದ್ದೂ ಇಂಥ ಬಾವಿಗಳ ಮೇಲೆ. ಗಟ್ಟಿ ಕೆಲಸ, ಆದ್ರೆ ನಿಧಾನ. ಓರೆಯಾಗಿ ಇಳಿದ್ರಂತೂ ಕಥೆ ಮುಗೀತು.

ಈಗ ಹೆಚ್ಚಾಗಿ ಕಾಣೋದು ಕೊರೆದು ಇಳಿಸೋ ಪೈಲ್. ದೊಡ್ಡ ಯಂತ್ರ ಕಬ್ಬಿಣದ ಕೊಳವೆ ಇಳಿಸಿ ಒಳಗೆ ಕೊರೀತದೆ. ಗುಂಡಿ ಕುಸೀದಂತೆ ಹಿಡಿಯೋದು ಏನು ಗೊತ್ತಾ? ಕೆಸರು! ಬೆಂಟೋನೈಟ್ ಅನ್ನೋ ಜೇಡಿ, ನಮ್ಮ ದೇಶದಲ್ಲಿ ಕಛ್‌ನಲ್ಲಿ ಧಾರಾಳ ಸಿಗ್ತದೆ. ನೀರಲ್ಲಿ ಕಲಸಿ ತುಂಬಿದ್ರೆ ಅದರ ಒತ್ತಡವೇ ಗೋಡೆ. ಬಂಡೆ ಸಿಕ್ಕ ಮೇಲೆ ಸರಳಿನ ಪಂಜರ ಇಳಿಸ್ತಾರೆ. ಕಾಂಕ್ರೀಟ್ ಮೇಲಿಂದ ಸುರಿಯೋ ಹಾಗಿಲ್ಲ, ಕೆಸರಲ್ಲಿ ಕದಡಿಹೋಗ್ತದೆ. ಉದ್ದ ಕೊಳವೆಯಲ್ಲಿ ತಳಕ್ಕೆ ಬಿಡ್ತಾರೆ. ಅದು ಏರ್ತಾ ಕೆಸರನ್ನ ಹೊರಗೆ ತಳ್ತದೆ. ನಡುವೆ ನಿಲ್ಲಿಸಿದ್ರೆ ಕಂಬದೊಳಗೇ ಮಣ್ಣಿನ ಪದರ ಕೂರ್ತದೆ, ಯಾರಿಗೂ ಕಾಣದಂತೆ.

ನಮ್ಮ ಜಿಲ್ಲೆಗೆ ಇದು ದೂರದ ಮಾತಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ಹಳೇ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕಿದ. ಪಕ್ಕದ ಸಾಗರದಲ್ಲಿ, ಲಿಂಗನಮಕ್ಕಿ ಹಿನ್ನೀರಿನಿಂದ ದಶಕಗಳ ಕಾಲ ಲಾಂಚ್ ನಂಬಿದ್ದ ಜನಕ್ಕೆ 2025ರ ಜುಲೈ 14ರಂದು ಸಿಗಂದೂರು ಸೇತುವೆ ಸಿಕ್ಕಿತು, 2.44 ಕಿಲೋಮೀಟರ್.

ಹಾಗಾದ್ರೆ ಕಾಣದ ಕಂಬ ಸರಿ ಇದೆ ಅಂತ ತಿಳಿಯೋದು ಹೇಗೆ? ಒಂದು ವಿಧಾನ ಬಹಳ ಸರಳ. ಪೈಲಿನ ತಲೆಗೆ ಸಣ್ಣ ಸುತ್ತಿಗೆಯಿಂದ ಬಡೀತಾರೆ, ತಳ ಮುಟ್ಟಿ ಬರೋ ಮರುದನಿಯನ್ನ ಯಂತ್ರ ಕೇಳ್ತದೆ. ದನಿ ಬೇಗ ಬಂತು ಅಂದ್ರೆ ನಡುವೆ ಎಲ್ಲೋ ಬಿರುಕು. ಗಂಟೆ ಬಾರಿಸಿ ನೋಡಿದ ಹಾಗೇ.